ಸಂಶಯಕ್ಕೂ ನಿರ್ಣಯಕ್ಕೂ ನಡುವೆ

2023ನೆಯ ಇಸವಿ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದುದನ್ನು ಆಟಗಾರರ ಜಗಳವೆಂದು ಬಗೆದು ಮರೆತವರೇ ಹೆಚ್ಚು. ಆದರೆ ಕಂಡದ್ದಕ್ಕೂ ತೀರ್ಮಾನಿಸಿದ್ದಕ್ಕೂ ಇರುವ ಸಂಬಂಧವೆಂಥದು, ಕಣ್ಣು ಸೋತ ಕಡೆ ಯಂತ್ರವನ್ನು ಕರೆತಂದರೆ ನ್ಯಾಯವು ನಮಗೆ ಅಷ್ಟರಮಟ್ಟಿಗೆ ಹತ್ತಿರವಾಗುವುದೇ ಎಂಬ ಬಹು ಪುರಾತನವಾದ ಪ್ರಶ್ನೆಯು ಆ ರಾತ್ರಿ ಸಾವಿರಾರು ಜನರ ಇದಿರಿನಲ್ಲಿ ಮೈದಳೆದು ನಿಂತಿತೆಂದೇ ನಾನು ತಿಳಿದಿದ್ದೇನೆ.

ಪಂದ್ಯವು ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಘಟ್ಟದ್ದು; ಕಣದಲ್ಲಿದ್ದವರು ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ತೊಂಬತ್ತು ಮಿನಿಟುಗಳ ಆಟ ಗೋಲಿಲ್ಲದೆ ಮುಗಿದು, ಹೆಚ್ಚುವರಿ ಅವಧಿ ಆರಂಭವಾಗಿ ಕೆಲವೇ ಮಿನಿಟುಗಳು ಕಳೆದಿದ್ದಾಗ, ಕೇರಳದ ಪೆನಾಲ್ಟಿ ಪ್ರದೇಶದ ಹೊರಗೆ ಬೆಂಗಳೂರಿಗೆ ಒಂದು ಫ್ರೀ ಕಿಕ್ ದೊರೆಯಿತು. ಕೇರಳದ ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ತನ್ನವರನ್ನು ಸಾಲಾಗಿ ನಿಲ್ಲಿಸಿ ಅಡ್ಡಗೋಡೆ ಕಟ್ಟಿಸುವ ಗಡಿಬಿಡಿಯಲ್ಲಿ ಇದ್ದ ಹೊತ್ತಿಗೆ ಸರಿಯಾಗಿ, ಸೀಟಿಗಾಗಿ ಕಾಯದೆ, ಸುನಿಲ್ ಛೇತ್ರಿ ಚೆಂಡನ್ನು ಮೆಲ್ಲನೆ ಎತ್ತಿ ಬಲೆಯೊಳಕ್ಕೆ ಹಾಕಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಅದನ್ನು ಗೋಲೆಂದು ಸಾರಿದರು. ಕೇರಳದವರು ಒಪ್ಪಲಿಲ್ಲ; ಅವರ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಹುಡುಗರನ್ನೆಲ್ಲ ಕೈಸನ್ನೆಯಿಂದ ಕರೆದು ಮೈದಾನ ಬಿಟ್ಟು ಹೊರನಡೆದರು; ಕೆಲಹೊತ್ತು ಕಾದನಂತರ ಬೆಂಗಳೂರಿಗೆ 1-0 ಅಂತರದ ಜಯ ಘೋಷಿತವಾಯಿತು. ಪಂದ್ಯವನ್ನು ಮತ್ತೊಮ್ಮೆ ಆಡಿಸಬೇಕೆಂಬ ಕೇರಳದ ಕೋರಿಕೆಯನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ತಳ್ಳಿಹಾಕಿತು. ಆ ತಂಡಕ್ಕೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧವಾಯಿತು.

ನಮ್ಮ ಪಶ್ಚಿಮ ಬೆಂಗಳೂರು ಫುಟ್‌ಬಾಲಿಗೆ ತವರಲ್ಲ. ಆ ಆಟದ ಬೇರುಗಳಿರುವುದು ದಂಡಿನ ಪ್ರದೇಶದಲ್ಲಿ, ಗೌತಮಪುರ ಆಸ್ಟಿನ್ ಟೌನುಗಳ ಓಣಿಗಳಲ್ಲಿ. 1937 ಮತ್ತು 1938ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದುತಂದ ಬೆಂಗಳೂರ್ ಮುಸ್ಲಿಮ್ಸ್ ತಂಡದ ಕೀರ್ತಿಯನ್ನು ಇಂದಿಗೂ ನೆನೆಯುವ ಮನೆಗಳು ಇರುವುದು ಆ ಕಡೆ. ರಾಜಾಜಿನಗರ, ಬಸವೇಶ್ವರನಗರಗಳ ಮೈದಾನಗಳು ಭಾನುವಾರದಂದು ಕ್ರಿಕೆಟ್ಟಿಗೆ ಮೀಸಲು. ಆದರೂ ಮೆಟ್ರೋ ಕೆಂಗೇರಿಯವರೆಗೆ ಬಂದಮೇಲೆ, ಪಂದ್ಯದ ಸಂಜೆಗಳಲ್ಲಿ ನೀಲಿ ಅಂಗಿ ತೊಟ್ಟ ತರುಣರು ಕೆಂಗೇರಿಯಲ್ಲಿ ಹತ್ತಿ, ವಿಜಯನಗರದಲ್ಲಿ ಇನ್ನಷ್ಟು ಜನರನ್ನು ಕೂಡಿಕೊಂಡು, ಕಬ್ಬನ್ ಪಾರ್ಕಿನಲ್ಲಿ ಇಳಿಯುವುದನ್ನು ನಾವು ಕಾಣುತ್ತ ಬಂದಿದ್ದೇವೆ. ಆ ಮಾರ್ಚ್ ತಿಂಗಳಲ್ಲಿ ಅವರೆಲ್ಲರ ಬಾಯಿಯಲ್ಲಿ ಇದ್ದದ್ದು ಒಂದೇ ಮಾತು: “ವಿಎಆರ್ ಇದ್ದಿದ್ರೆ ಈ ರಗಳೆಯೇ ಇರ್ತಿರಲಿಲ್ಲ.” ವಿಎಆರ್ ಎಂದರೆ ಮೈದಾನದ ತೀರ್ಪನ್ನು ವಿಡಿಯೋದಲ್ಲಿ ಪರಿಶೀಲಿಸುವ ಸಹಾಯಕ ರೆಫರಿ; ಫೆಡರೇಷನ್ನೂ ಆ ದಿನಗಳಲ್ಲಿ ಕಡಮೆ ಖರ್ಚಿನ ವಿಡಿಯೋ ಪರಿಶೀಲನೆಯ ಮಾತನ್ನು ಎತ್ತಿತು.

ಈ ಮಾತನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆ ರಾತ್ರಿ ಕ್ಯಾಮೆರಾಗಳಿಗೇನೂ ಬರವಿರಲಿಲ್ಲ. ಚೆಂಡು ಎಲ್ಲಿತ್ತು, ಗೋಲ್‌ಕೀಪರ್ ಎಲ್ಲಿದ್ದ, ಒದ್ದವರು ಯಾರು, ಚೆಂಡು ಗೆರೆಯನ್ನು ದಾಟಿತೇ ಎಂಬ ಒಂದು ಪ್ರಶ್ನೆಯೂ ಯಾರಲ್ಲಿಯೂ ಹುಟ್ಟಲಿಲ್ಲ. ಕಂಡದ್ದರ ವಿಷಯದಲ್ಲಿ ಎರಡು ತಂಡಗಳಿಗೂ ಭಿನ್ನಾಭಿಪ್ರಾಯವೇ ಇರಲಿಲ್ಲ. ವಿವಾದವಿದ್ದದ್ದು ಅನುಮತಿಯ ವಿಷಯದಲ್ಲಿ. ಫ್ರೀ ಕಿಕ್ ದೊರೆತ ತಂಡ ತಾನು ಬಯಸಿದರೆ ಒಡನೆಯೇ ಒದೆಯಬಹುದು; ಎದುರಾಳಿಗಳನ್ನು 9.15 ಮೀಟರು ದೂರಕ್ಕೆ ಸರಿಸಲು ರೆಫರಿ ತೊಡಗಿ, ಸೀಟಿಗೆ ಕಾಯುವಂತೆ ಸೂಚಿಸಿದ್ದರೆ ಮಾತ್ರ ಕಾಯಬೇಕು. ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡವೆಂದು ರೆಫರಿಗೆ ಹೇಳಿಯೇ ಒದ್ದೆನೆಂದು ಛೇತ್ರಿ ಪಂದ್ಯಾನಂತರ ತಿಳಿಸಿದರು. ಕಾಯುವ ಸಮಯವೆಂದು ಕೇರಳದವರು ನಂಬಿದ್ದರು. ಇಬ್ಬರ ನಡುವೆ ಆಡಿದ ಮಾತು, ಕೊಟ್ಟ ಅಥವಾ ಕೊಡದ ಅಪ್ಪಣೆ, ಇವು ಎಷ್ಟು ಸೂಕ್ಷ್ಮವಾದ ಮಸೂರಕ್ಕೂ ನಿಲುಕುವಂಥವಲ್ಲ. ಕುರುಸಭೆಯಲ್ಲಿ ದ್ರೌಪದಿ ಎತ್ತಿದ ಪ್ರಶ್ನೆಯೂ ಇದೇ ಜಾತಿಯದು: ದಾಳಗಳು ಉರುಳಿದ್ದನ್ನು ಸಭೆಯೆಲ್ಲ ಕಣ್ಣಾರೆ ಕಂಡಿತ್ತು, ತನ್ನನ್ನೇ ಸೋತುಕೊಂಡವನಿಗೆ ಇನ್ನೊಬ್ಬರನ್ನು ಪಣವಿಡುವ ಅಧಿಕಾರ ಉಳಿದಿತ್ತೇ ಎಂಬುದನ್ನು ಮಾತ್ರ ಯಾರ ಕಣ್ಣೂ ಕಾಣಲಾರದಾಗಿತ್ತು, ಧರ್ಮವು ಸೂಕ್ಷ್ಮವೆಂದು ಭೀಷ್ಮನಂಥವನು ಕೈಚೆಲ್ಲಿದನು. ಆದುದರಿಂದ ಕಂಠೀರವದ ವಿವಾದಕ್ಕೆ ವಿಡಿಯೋ ಮದ್ದೆಂಬುದು ರೋಗವನ್ನೇ ತಪ್ಪಾಗಿ ತಿಳಿದವರ ಚಿಕಿತ್ಸೆಯೆಂದು ನನಗೆ ತೋರುತ್ತದೆ. (ಮೈದಾನವನ್ನು ಬಿಟ್ಟುಹೋದದ್ದು ತಪ್ಪೆಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ, ತೀರ್ಪನ್ನು ಒಪ್ಪದಿರಲು ಆಟಗಾರನಿಗೆ ಹಕ್ಕುಂಟು, ತೀರ್ಪು ಕೊಡುವ ಪೀಠವನ್ನೇ ಇಲ್ಲವೆನ್ನಲು ಇಲ್ಲ.)

ಹಾಗೆಂದು ಯಂತ್ರಕ್ಕೆ ಆಟದಲ್ಲಿ ಸ್ಥಾನವೇ ಇಲ್ಲವೆಂಬ ಪಕ್ಷವನ್ನು ನಾನು ಹಿಡಿಯಲಾರೆ. ಮರುವರ್ಷ, 2024ರ ಜೂನ್ 11ರಂದು, ದೋಹಾದಲ್ಲಿ ಭಾರತ ಕತಾರ್ ತಂಡಗಳ ನಡುವೆ ವಿಶ್ವಕಪ್ ಅರ್ಹತಾ ಪಂದ್ಯ ನಡೆಯಿತು. ಛೇತ್ರಿ ಐದು ದಿನ ಮೊದಲಷ್ಟೇ ಕೊಲ್ಕತ್ತೆಯಲ್ಲಿ ವಿದಾಯದ ಆಟವನ್ನಾಡಿ ದೇಶದ ತಂಡದಿಂದ ಆಗ ನಿವೃತ್ತರಾಗಿದ್ದರು. ನಾಯಕತ್ವ ಬೆಂಗಳೂರು ಎಫ್‌ಸಿಯ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರ ಹೆಗಲಿಗೆ ಬಂದಿತ್ತು. ಲಾಲಿಯನ್‌ಜುವಾಲಾ ಚಾಂಗ್ಟೆಯ ಗೋಲಿನಿಂದ ಭಾರತ ಮುಂದಿತ್ತು. 73ನೆಯ ಮಿನಿಟಿನಲ್ಲಿ ಚೆಂಡು ಗುರ್‌ಪ್ರೀತರ ಪಕ್ಕದಲ್ಲಿ ಗೋಲುಗೆರೆಯ ಆಚೆಗೆ, ಆಟದಿಂದಲೇ ಹೊರಕ್ಕೆ ಉರುಳಿಹೋಯಿತು. ಕತಾರಿನ ಆಟಗಾರನೊಬ್ಬ ಅದನ್ನು ಕಾಲಿನಿಂದ ಒಳಕ್ಕೆಳೆದನು. ಯೂಸುಫ್ ಐಮೆನ್ ಅದನ್ನು ಬಲೆಗೆ ಹಾಕಿದನು. ರೆಫರಿ ಗೋಲು ಕೊಟ್ಟರು. ಆ ಸುತ್ತಿನಲ್ಲಿ ವಿಡಿಯೋ ಪರಿಶೀಲನೆಯ ಏರ್ಪಾಡಿರಲಿಲ್ಲ. ಮುಂದೆ ಕತಾರ್ ಇನ್ನೊಂದು ಗೋಲು ಹೊಡೆದು 2-1ರಲ್ಲಿ ಗೆದ್ದಿತು, ಭಾರತ ಮುಂದಿನ ಸುತ್ತಿಗೆ ಹೋಗುವ ದಾರಿ ಮುಚ್ಚಿತು. ಮನೆಮನೆಗಳಲ್ಲಿ ಟಿವಿಯ ಮುಂದೆ ಕುಳಿತಿದ್ದ ಮಕ್ಕಳಿಗೂ ಸ್ಪಷ್ಟವಾಗಿ ಕಂಡ ಸಂಗತಿಯು ತೀರ್ಪು ಕೊಡುವ ಒಬ್ಬರಿಗೆ ಮಾತ್ರ ಕಾಣದೆಹೋಗುವುದು, ಮತ್ತು ಕಂಡ ಲೋಕವು ಕಾಣದವರ ಮಾತಿಗೆ ತಲೆಬಾಗಬೇಕಾಗಿ ಬರುವುದು, ಇದಕ್ಕಿಂತ ಕ್ರೂರವಾದ ಸ್ಥಿತಿ ನ್ಯಾಯಕ್ಕೆ ಬೇರೆ ಇಲ್ಲ. ಅಂಥಲ್ಲಿ ಒಂದು ಕ್ಯಾಮೆರಾ ಹತ್ತು ಸೆಕೆಂಡುಗಳಲ್ಲಿ ಮಾಡಬಹುದಾಗಿದ್ದ ಉಪಕಾರವನ್ನು ಯಾವ ತತ್ತ್ವದ ಹೆಸರಿನಲ್ಲಿಯೂ ಬೇಡವೆನ್ನತಕ್ಕದ್ದಲ್ಲ.

ಒಂದೆಡೆ ಕ್ಯಾಮೆರಾ ಇದ್ದೂ ಪ್ರಯೋಜನವಿಲ್ಲದ ಕಂಠೀರವ, ಇನ್ನೊಂದೆಡೆ ಅದಿಲ್ಲದೆ ಅನ್ಯಾಯವಾದ ದೋಹಾ. ಇವೆರಡರ ನಡುವೆ ಇರುವುದು ಆಫ್‌ಸೈಡ್; ಯಂತ್ರದ ಹೆಚ್ಚಿನ ಹೊತ್ತು ಇಂದು ವ್ಯಯವಾಗುತ್ತಿರುವುದು ಅಲ್ಲಿಯೇ, ಕಷ್ಟವಿರುವುದೂ ಅಲ್ಲಿಯೇ.

ಆ ನಿಯಮ ಏತಕ್ಕಾಗಿ ಹುಟ್ಟಿತು? ತನ್ನವರೆಲ್ಲ ಹಿಂದೆ ಬೆವರು ಸುರಿಸುತ್ತಿರುವಾಗ ಒಬ್ಬನು ಮಾತ್ರ ಎದುರಾಳಿಯ ಗೋಲಿನ ಬಳಿ ಹೊಂಚುಹಾಕಿ ಕಾದಿದ್ದು, ಬಂದ ಚೆಂಡನ್ನು ದಕ್ಕಿಸಿಕೊಳ್ಳುವುದು ಆಟದ ಮರ್ಯಾದೆಗೆ ಸಲ್ಲದೆಂದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಶಾಲೆಗಳಲ್ಲಿ ಬಗೆದರು. 1863ರ ಮೊದಲ ನಿಯಮಾವಳಿಯು ಬಹು ಕಠಿಣವಾಗಿದ್ದಿತು. 1866ರಲ್ಲಿ ಅದು ಸಡಿಲಗೊಂಡು, ಮುಂದಿರುವ ಆಟಗಾರನಿಗೂ ಗೋಲಿಗೂ ನಡುವೆ ಎದುರಾಳಿಗಳು ಮೂವರಿದ್ದರೆ ತಪ್ಪಿಲ್ಲವೆಂದಾಯಿತು. 1925ರಲ್ಲಿ ಮೂವರು ಇಬ್ಬರಾದರು. 1990ರಲ್ಲಿ, ಕೊನೆಯಿಂದ ಎರಡನೆಯ ಎದುರಾಳಿಗೆ ಸರಿಸಮನಾಗಿ ನಿಂತವನೂ ನಿರ್ದೋಷಿಯೆಂದರು. ಪ್ರತಿಯೊಂದು ತಿದ್ದುಪಡಿಯೂ ಆಕ್ರಮಣಕಾರನಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುವು ಕೊಡುತ್ತ ಬಂದುದನ್ನು ಓದುಗರು ಗಮನಿಸಬೇಕು. ವಿಧಿವಾಕ್ಯದ ಅರ್ಥವನ್ನು ಅದರ ತಾತ್ಪರ್ಯದಿಂದ ತಿಳಿಯಬೇಕೆಂಬುದು ಮೀಮಾಂಸಕರು ನಮಗೆ ಕಲಿಸಿದ ಪಾಠ. ಈ ವಿಧಿಯ ತಾತ್ಪರ್ಯವು ಹೊಂಚಿನ ನಿಷೇಧ, ಕಾಲಿನ ಹೆಬ್ಬೆರಳಷ್ಟು ಮುಂದಾದುದರ ನಿಷೇಧವಲ್ಲ.

2018ರಲ್ಲಿ ವಿಡಿಯೋ ಸಹಾಯಕ ರೆಫರಿಯು ಆಟದ ನಿಯಮಗಳೊಳಕ್ಕೆ ಪ್ರವೇಶಿಸಿದಾಗ, ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ಒಬ್ಬನ ತಪ್ಪಿಗೆ ಇನ್ನೊಬ್ಬನನ್ನು ಶಿಕ್ಷಿಸಿದ ಪ್ರಸಂಗ ಎಂಬ ನಾಲ್ಕು ವಿಷಯಗಳಲ್ಲಿ ಮಾತ್ರ, ಅದೂ ತಪ್ಪು ನಿಚ್ಚಳವಾಗಿದ್ದರೆ ಮಾತ್ರ, ಅದು ಮಧ್ಯೆ ಬರತಕ್ಕದ್ದೆಂದು ವಿಧಿಸಿದರು. ಇದು ವಿವೇಕದ ಮಾತು. ಆದರೆ ಆಫ್‌ಸೈಡನ್ನು ಈ ವಿವೇಕದಿಂದ ಹೊರಗಿಟ್ಟರು. ಅದು ಅಭಿಪ್ರಾಯವಲ್ಲ, ಬರಿಯ ವಸ್ತುಸ್ಥಿತಿ, ಆದುದರಿಂದ ಅಲ್ಲಿ ನಿಚ್ಚಳವೆಷ್ಟು ಎಂದು ಕೇಳಬೇಕಾಗಿಲ್ಲ, ಅಳೆದರೆ ಸಾಕು ಎಂಬುದು ಅವರ ವಾದ. 2022ರ ಕತಾರ್ ವಿಶ್ವಕಪ್ಪಿನಲ್ಲಿ ಈ ಅಳತೆಯು ಪರಾಕಾಷ್ಠೆಯನ್ನು ಮುಟ್ಟಿತು. ಕ್ರೀಡಾಂಗಣದ ಚಾವಣಿಯ ಕೆಳಗೆ ಹನ್ನೆರಡು ಕ್ಯಾಮೆರಾಗಳು ಒಬ್ಬೊಬ್ಬ ಆಟಗಾರನ ದೇಹದ 29 ಬಿಂದುಗಳನ್ನು ಸೆಕೆಂಡಿಗೆ ಐವತ್ತು ಸಲ ಗುರುತಿಸುತ್ತಿದ್ದವು. ಚೆಂಡಿನ ಗರ್ಭದಲ್ಲಿದ್ದ ಸಂವೇದಕವು ಸೆಕೆಂಡಿಗೆ ಐನೂರು ಸಲ ತನ್ನ ಚಲನೆಯನ್ನು ವರದಿಮಾಡುತ್ತಿತ್ತು. ಉದ್ಘಾಟನೆಯ ಪಂದ್ಯದ ಮೂರನೆಯ ಮಿನಿಟಿನಲ್ಲಿಯೇ ಈಕ್ವೆಡಾರಿನ ಎನ್ನರ್ ವಲೆನ್ಸಿಯಾ ಹೊಡೆದ ಗೋಲು, ಕಣ್ಣಿಗೆ ಏನೂ ದೋಷ ಕಾಣದಿದ್ದರೂ, ಈ ಅಳತೆಯಿಂದ ರದ್ದಾಯಿತು.

ಅಳತೆಯು ಬರಿಯ ವಸ್ತುಸ್ಥಿತಿಯೆಂಬ ಈ ನಂಬಿಕೆಯನ್ನು ಸ್ವಲ್ಪ ಪರೀಕ್ಷಿಸೋಣ. ಸೆಕೆಂಡಿಗೆ ಐವತ್ತು ಚಿತ್ರಗಳೆಂದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸೆಕೆಂಡಿನ ಐವತ್ತನೆಯ ಒಂದು ಭಾಗ ಕತ್ತಲೆ. ಸೆಕೆಂಡಿಗೆ ಎಂಟು ಮೀಟರು ವೇಗದಲ್ಲಿ ಓಡುವ ಆಟಗಾರನು ಆ ಕತ್ತಲೆಯಲ್ಲಿ ಹದಿನಾರು ಸೆಂಟಿಮೀಟರು ಸಾಗಿರುತ್ತಾನೆ. ರಕ್ಷಕನು ಎದುರು ದಿಕ್ಕಿಗೆ ಅದರ ಅರ್ಧ ವೇಗದಲ್ಲಿ ಹೆಜ್ಜೆಯಿಟ್ಟಿದ್ದರೆ ಇಬ್ಬರ ನಡುವಿನ ಅಂತರ ಇಪ್ಪತ್ತನಾಲ್ಕು ಸೆಂಟಿಮೀಟರಿನಷ್ಟು ಬದಲಾಗಿರುತ್ತದೆ. ನಡುವಣ ಸ್ಥಾನವನ್ನು ಗಣಿತದಿಂದ ಊಹಿಸಬಹುದು, ನಿಜ. ಊಹಿಸಿದ್ದು ಅನುಮಾನಪ್ರಮಾಣವೇ ಹೊರತು ಪ್ರತ್ಯಕ್ಷವಲ್ಲ. ಚೆಂಡನ್ನು ಒದ್ದ ಕ್ಷಣವಾದರೂ ಒಂದು ಬಿಂದುವೇ? ಪಾದವೂ ಚೆಂಡೂ ಸುಮಾರು ಹತ್ತು ಮಿಲಿಸೆಕೆಂಡು ಅಂಟಿಕೊಂಡಿರುತ್ತವೆ; ಅವುಗಳಲ್ಲಿ ಮೊದಲ ಸ್ಪರ್ಶವನ್ನೇ ಹಿಡಿಯಬೇಕೆಂಬುದು ನಿಯಮಕಾರರ ಆಯ್ಕೆ. ಕೈಯನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದಲ್ಲ ಎನ್ನುತ್ತಾರೆ. ಕೈ ಎಲ್ಲಿ ಮುಗಿದು ಭುಜ ಎಲ್ಲಿ ಆರಂಭವಾಗುತ್ತದೆ? ಕಂಕುಳಿನ ತಳಕ್ಕೆ ಸಮನಾಗಿ ಎಂದು ನಿಯಮ ಹೇಳುತ್ತದೆ. ಶರೀರದಲ್ಲಿ ಅಂಥ ಗೆರೆಯನ್ನು ಸೃಷ್ಟಿಕರ್ತನು ಎಳೆದಿಲ್ಲ; ನಾವು ಎಳೆದಿದ್ದೇವೆ. ಹೀಗೆ ವಸ್ತುಸ್ಥಿತಿಯೆಂದು ನಾವು ಕೈಮುಗಿಯುವ ಆ ಗೆರೆಯ ಒಂದೊಂದು ಅಂಗುಲದಲ್ಲಿಯೂ ಮನುಷ್ಯನ ಸಂಕಲ್ಪವು ಅಡಗಿದೆ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಆಸುಪಾಸಿನಲ್ಲಿ, ಕಾಮಾಕ್ಷಿಪಾಳ್ಯದ ಕಡೆಗೆ ಹೋಗುವ ಅಡ್ಡರಸ್ತೆಗಳಲ್ಲಿ ತಗಡಿನ ಶೆಡ್ಡುಗಳಿವೆ. ಬಹುಕಾಲದಿಂದ ಲೇತ್ ನಡೆಸಿಕೊಂಡು ಬಂದ ಟರ್ನರೊಬ್ಬರ ಶೆಡ್ಡಿಗೆ ಹೋಗಿ ಕೂಡುವುದು ನನಗೆ ಅಭ್ಯಾಸ. ಒಂದು ದಿನ ಅವರು ಉಕ್ಕಿನ ಶಾಫ್ಟೊಂದನ್ನು ತಿರುಗಿಸಿ ಮುಗಿಸಿ, ಕೂಲೆಂಟಿನ ಹಾಲುಬಣ್ಣದ ನೀರನ್ನು ಬನಿಯನ್ ಚಿಂದಿಯಿಂದ ಒರಸಿ, ಮೈಕ್ರೋಮೀಟರಿನ ದವಡೆಗಳ ನಡುವೆ ಹಿಡಿದು, ತುದಿಯ ರ‍್ಯಾಚೆಟ್ಟನ್ನು ಮೂರು ಸಲ ಟಿಕಟಿಕನೆ ತಿರುಗಿಸಿ ಬೆಳಕಿಗೆ ಎತ್ತಿ ನೋಡಿದರು. ಡ್ರಾಯಿಂಗಿನಲ್ಲಿ 25 ಮಿಲಿಮೀಟರ್ ಎಂದೂ ಅದರ ಪಕ್ಕದಲ್ಲಿ ಕೂಡಿಸುವ ಕಳೆಯುವ ಗುರುತಿನೊಡನೆ 0.02 ಎಂದೂ ಬರೆದಿತ್ತು. ಉಪಕರಣ ತೋರಿಸಿದ್ದು 25.01. ಶಾಫ್ಟು ಒಳ್ಳೆಯ ಮಾಲಿನ ತಟ್ಟೆಗೆ ಹೋಯಿತು. ಬರಿಯ 25 ಎಂದಷ್ಟೇ ಬರೆದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. “ಟಾಲರೆನ್ಸ್ ಹಾಕ್ದೇ ಡ್ರಾಯಿಂಗ್ ತಂದ್ರೆ ಆ ಜಾಬ್ ಹಿಡಿಯೋದೇ ಇಲ್ಲ ಸಾರ್. ಕರೆಕ್ಟಾಗಿ ಇಪ್ಪತ್ತೈದು ಅನ್ನೋದು ಈ ಲೋಕದಲ್ಲಿ ಎಲ್ಲೂ ಇಲ್ಲ. ಎಷ್ಟು ಬಿಡಬಹುದು ಅಂತ ಬರೆದವರು ಹೇಳ್ಬೇಕು, ಅದು ನನ್ನ ಮೈಕ್ರೋಮೀಟರ್ ಹೇಳಲ್ಲ” ಎಂದರು.

ಫುಟ್‌ಬಾಲಿನ ಆಫ್‌ಸೈಡ್ ನಿಯಮಕ್ಕೆ ಆ ಟರ್ನರು ಕೇಳಿದ ಎರಡನೆಯ ಅಂಕಿಯೇ ಇಲ್ಲ. ಎಷ್ಟು ಬಿಡಬಹುದೆಂಬುದನ್ನು ಉದ್ದೇಶವು ನಿಶ್ಚಯಿಸಬೇಕು. ಉದ್ದೇಶವನ್ನು ಯಂತ್ರವು ಅರಿಯದು. ಇಂಗ್ಲೆಂಡಿನ ಪ್ರೀಮಿಯರ್ ಲೀಗು ಇದನ್ನು ಅರ್ಧದಷ್ಟಾದರೂ ಅರಿತುಕೊಂಡು 2021-22ರ ಋತುವಿನಿಂದ ಪರದೆಯ ಮೇಲಿನ ಗೆರೆಗಳನ್ನು ದಪ್ಪಮಾಡಿ, ಎರಡು ಗೆರೆಗಳು ಒಂದರ ಮೇಲೊಂದು ಬಿದ್ದರೆ ಆಕ್ರಮಣಕಾರನಿಗೆ ಲಾಭ ಕೊಟ್ಟಿತು. ದಪ್ಪ ಗೆರೆಗೂ ಒಂದು ಅಂಚಿರುವುದಲ್ಲವೆ, ವಿವಾದವು ಆ ಅಂಚಿಗೆ ಸರಿದುಹೋಗುವುದಷ್ಟೇ ಅಲ್ಲವೆ ಎಂದು ಕೇಳುವವರುಂಟು. ಪ್ರಶ್ನೆ ಗಂಭೀರವಾದುದೇ. ಆದರೆ ಅಂಚು ಎಲ್ಲಿಗೆ ಸರಿದಿದೆಯೆಂಬುದು ಮುಖ್ಯ: ಹೊಂಚಿನ ಗಂಧವೇ ಇಲ್ಲದ ಹೆಬ್ಬೆರಳಿನ ತುದಿಯಿಂದ, ನಿಜವಾಗಿಯೂ ಮುಂದೆ ನಿಂತು ಲಾಭ ಪಡೆದವನ ಮೈಯ ಕಡೆಗೆ ಅದು ಸರಿಯಿತಾದರೆ, ಅಂಚಿನಲ್ಲಿ ಶಿಕ್ಷೆಗೆ ಒಳಗಾದವನು ನಿಯಮದ ಅಕ್ಷರದಿಂದಷ್ಟೇ ಅಲ್ಲದೆ ಅದರ ಅಭಿಪ್ರಾಯದಿಂದಲೂ ಶಿಕ್ಷಿತನಾಗುತ್ತಾನೆ. ತಪ್ಪು ಒಂದು ಮಿಲಿಮೀಟರಿನದಾದರೂ ತಪ್ಪೇ ಎನ್ನುವವರ ಮಾತಿನಲ್ಲಿ ಒಂದು ನಿಷ್ಠುರವಾದ ಸೌಂದರ್ಯವಿದೆ. ಅದಕ್ಕೆ ನನ್ನ ಗೌರವವೂ ಇದೆ. ಅವರು ಕಾಣಬೇಕಾದದ್ದು, ಆ ಒಂದು ಮಿಲಿಮೀಟರನ್ನು ಅರಿಯಬಲ್ಲೆವೆಂಬ ನಂಬಿಕೆಯೇ ನಿರಾಧಾರವಾದುದೆಂಬುದನ್ನು.

ಗೌತಮನ ನ್ಯಾಯಶಾಸ್ತ್ರವು ತಿಳಿಯಬೇಕಾದ ಹದಿನಾರು ಪದಾರ್ಥಗಳನ್ನು ಎಣಿಸುತ್ತದೆ. ಪ್ರಮಾಣ, ಪ್ರಮೇಯಗಳ ಅನಂತರ ಮೂರನೆಯದು ಸಂಶಯ, ಒಂಬತ್ತನೆಯದು ನಿರ್ಣಯ. ಸಂಶಯವಾದ ಕೂಡಲೆ ನಿರ್ಣಯಕ್ಕೆ ನೆಗೆಯದೆ, ಸಂಶಯಕ್ಕೆ ಅಂಟಿಕೊಂಡಂತೆ ನಾಲ್ಕನೆಯದಾಗಿ ಅವನು ಇರಿಸಿರುವುದು ಪ್ರಯೋಜನವನ್ನು. ಆ ಅನುಕ್ರಮವನ್ನು ಭಾಷ್ಯಕಾರರು ಬೇರೆ ಬೇರೆಯಾಗಿ ಸಮರ್ಥಿಸಿರಬಹುದು. ನನಗಂತೂ ಅದರಲ್ಲಿ ಒಂದು ದೊಡ್ಡ ವಿವೇಕವು ಕಾಣುತ್ತದೆ. ಏತಕ್ಕಾಗಿ ತಿಳಿಯಬೇಕಾಗಿದೆಯೆಂಬುದನ್ನು ಕೇಳಿಕೊಳ್ಳದೆ ಎತ್ತಿದ ಸಂಶಯವು ಪರಿಹಾರವನ್ನು ಬಯಸುವ ಸಂಶಯವಲ್ಲ. ಗೋಲು ಬಿದ್ದಿದೆ; ರಕ್ಷಕರಲ್ಲಿ ಒಬ್ಬನೂ ಕೈಯೆತ್ತಿಲ್ಲ; ಗೋಲ್‌ಕೀಪರ್ ಚೆಂಡನ್ನು ಬಲೆಯಿಂದ ಎತ್ತಿಕೊಂಡು ನಡುಗೆರೆಯ ಕಡೆ ನಡೆದಿದ್ದಾನೆ; ಯಾರಿಗೂ ಇಲ್ಲದ ಸಂಶಯವನ್ನು ಎಲ್ಲೋ ಒಂದು ಕೋಣೆಯಲ್ಲಿ ಕುಳಿತವರು ಹುಡುಕಿ ತೆಗೆಯುತ್ತಾರೆ. ಇದು ಸಂಶಯದ ಪರಿಹಾರವಲ್ಲ, ಸಂಶಯದ ಉತ್ಪಾದನೆ.

ಮತ್ತು ಆ ಕೋಣೆಯವರನ್ನು ಪರೀಕ್ಷಿಸುವವರು ಯಾರು? 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ಮತ್ತು ಲಿವರ್‌ಪೂಲ್ ತಂಡಗಳ ಪಂದ್ಯದಲ್ಲಿ ಲೂಯಿಸ್ ಡಿಯಾಸ್ ನ್ಯಾಯವಾಗಿಯೇ ಗೋಲು ಹೊಡೆದಿದ್ದರು. ಮೈದಾನದಲ್ಲಿ ಅದಕ್ಕೆ ಆಫ್‌ಸೈಡ್ ಧ್ವಜ ಎದ್ದಿತ್ತು. ಕೋಣೆಯಲ್ಲಿದ್ದವರು ಚಿತ್ರವನ್ನು ಸರಿಯಾಗಿಯೇ ನೋಡಿ, ಗೆರೆಯನ್ನು ಸರಿಯಾಗಿಯೇ ಎಳೆದು, ಗೋಲು ನ್ಯಾಯವಾದುದೆಂದು ಸರಿಯಾಗಿಯೇ ಅರಿತರು; ಆದರೆ ಮೈದಾನದ ತೀರ್ಪೂ ಗೋಲೆಂದೇ ಆಗಿದೆಯೆಂದು ಭ್ರಮಿಸಿ, ಪರಿಶೀಲನೆ ಮುಗಿಯಿತೆಂದು ತಿಳಿಸಿದರು. ಆಟ ಮುಂದುವರಿಯಿತು, ನಿಜವಾದ ಗೋಲು ಇಲ್ಲವಾಯಿತು. ಯಂತ್ರವು ಎಡವಲಿಲ್ಲ, ಯಂತ್ರ ತೋರಿಸಿದ್ದನ್ನು ಮಾತಿಗೆ ತರುವಲ್ಲಿ ಮನುಷ್ಯನು ಎಡವಿದನು. ಈ ಪರೀಕ್ಷಕನ ಮೇಲೊಬ್ಬ ಪರೀಕ್ಷಕ, ಅವನ ಮೇಲೊಬ್ಬ ಎಂದು ಹೊರಟರೆ ಅದಕ್ಕೆ ನಮ್ಮ ಶಾಸ್ತ್ರಕಾರರು ಅನವಸ್ಥೆಯೆಂದು ಹೆಸರಿಟ್ಟು, ದೋಷಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ.

ಈ ಅನವಸ್ಥೆಯ ಪ್ರಶ್ನೆಯನ್ನು ಬಹು ಗಂಭೀರವಾಗಿ ಎದುರಿಸಿದವರು ನಮ್ಮ ನಾಡಿನವರೇ. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು, ಹೊರಗಿನ ಇಂದ್ರಿಯಗಳೂ ಮನಸ್ಸೂ ಪ್ರಮಾದಕ್ಕೆ ಒಳಗಾಗಬಹುದೆಂದೂ, ಅವುಗಳಿಂದ ಬಂದ ಜ್ಞಾನವು ಸರಿಯೇ ಎಂಬುದನ್ನು ಕೊನೆಗೆ ಗ್ರಹಿಸುವುದು ಆತ್ಮಸ್ವರೂಪವೇ ಆದ ಸಾಕ್ಷಿಯೆಂದೂ ಪ್ರತಿಪಾದಿಸಿದರು. ಮಳಖೇಡದ ಜಯತೀರ್ಥರೂ, ನಮ್ಮ ಬಡಾವಣೆಗೆ ತನ್ನ ಹೆಸರನ್ನಿತ್ತ ಆ ಹಿರಿಯ ವಿಜಯನಗರದ ವ್ಯಾಸತೀರ್ಥರೂ ಈ ವಾದವನ್ನು ಕೂಲಂಕಷವಾಗಿ ಬೆಳೆಸಿದರು. ಸಂಶಯ ಬಂದರೆ ಪರೀಕ್ಷೆ ಬೇಕು; ಪರೀಕ್ಷೆಗೆ ನಿಂತ ಪ್ರತ್ಯಕ್ಷಕ್ಕೆ ಬಲ ಹೆಚ್ಚು; ಆದರೆ ಪರೀಕ್ಷೆಯು ಅನಂತವಾಗಿ ಬೆಳೆಯಲಾರದು, ಎಲ್ಲಿ ಶಂಕೆ ತಾನಾಗಿ ಶಮಿಸುವುದೋ ಅಲ್ಲಿ ಸಾಕ್ಷಿಯು ಅದನ್ನು ನಿಲ್ಲಿಸುತ್ತದೆ. ಸುಖದುಃಖಗಳು ನೇರವಾಗಿ ಸಾಕ್ಷಿಗೇ ಗೋಚರವಾಗತಕ್ಕವೆಂದೂ, ತನಗೆ ಸುಖವಾಗುತ್ತಿದೆಯೋ ಇಲ್ಲವೋ ಎಂಬ ಸಂಶಯ ಯಾರಿಗೂ ಉಂಟಾಗುವುದಿಲ್ಲವೆಂದೂ ಅವರು ತೋರಿಸಿಕೊಟ್ಟರು. ಆಚಾರ್ಯರು ಹೇಳಿದ ಸಾಕ್ಷಿಯು ರೆಫರಿಯ ಕಣ್ಣಲ್ಲ, ಅದನ್ನು ನಾನು ಬಲ್ಲೆ. ಕಣ್ಣು ತಪ್ಪುವುದೆಂದೇ ಅವರ ಸಿದ್ಧಾಂತ. ನಾನು ಅವರಿಂದ ಪಡೆಯುವುದು ಇಷ್ಟನ್ನು: ಪ್ರಮಾಣಗಳನ್ನು ಎಷ್ಟು ಒಟ್ಟಿದರೂ ಅವು ತಮಗೆ ತಾವೇ ನಿರ್ಣಯವಾಗಿ ಪರಿಣಮಿಸವು, ಇನ್ನು ಸಾಕು, ಇದು ಹೀಗೆಯೇ ಎಂದು ಹೊಣೆಹೊತ್ತು ಹೇಳುವ ಒಂದು ಚೇತನವು ಬೇಕು.

ಸುಖವು ಸಾಕ್ಷಿಗೆ ಗೋಚರವೆಂಬ ಆ ಮಾತು ನನ್ನನ್ನು ಇನ್ನೊಂದು ಕಡೆಗೂ ಕರೆದೊಯ್ಯುತ್ತದೆ. ಗೋಲು ಬಿದ್ದ ಕ್ಷಣದಲ್ಲಿ ಸಾವಿರಾರು ಅಪರಿಚಿತರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುವ ಆ ಆನಂದವು ಆಟದ ಅಲಂಕಾರವಲ್ಲ. ಜನರು ಆಟಕ್ಕೆ ಬರುವುದೇ ಅದಕ್ಕಾಗಿ. ಕಂಠೀರವದ ಪಶ್ಚಿಮ ಅಂಕಣದಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಬಳಗದವರು ನಿಂತೇ ಪಂದ್ಯ ನೋಡುತ್ತಾರೆ. ಅವರ ನಡುವೆ ಒಮ್ಮೆ ನಿಂತು ಗೋಲಿನ ಹೊತ್ತಿನ ಆ ನಾದವನ್ನು ಮೈಮೇಲೆ ಹಾಯಿಸಿಕೊಂಡವರಿಗೆ ನನ್ನ ಮಾತು ತಿಳಿಯುತ್ತದೆ. ಪ್ರತಿಯೊಂದು ಗೋಲನ್ನೂ ಕೋಣೆಗೆ ಕಳಿಸಿ ಕಾಯುವ ಪದ್ಧತಿ ಬಂದಲ್ಲಿ, ಜನರು ಮೊದಲು ಅರ್ಧ ಹಿಗ್ಗಿ, ಪರದೆಯ ಕಡೆ ನೋಡುತ್ತ ನಿಂತು, ಅಪ್ಪಣೆಯಾದಮೇಲೆ ಉಳಿದರ್ಧವನ್ನು ಹಿಗ್ಗಲು ಯತ್ನಿಸುತ್ತಾರೆ. ಹಾಗೆ ಎರಡು ಕಂತುಗಳಲ್ಲಿ ಬಂದ ಸುಖವು ಮೊದಲಿನ ಸುಖವಲ್ಲ. ಇದು ಅಳತೆಯವರ ಲೆಕ್ಕಕ್ಕೆ ಬಾರದ ನಷ್ಟ, ನಷ್ಟವಂತೂ ನಿಜ.

ಗೆರೆಯ ಪಕ್ಕದಲ್ಲಿ ಧ್ವಜ ಹಿಡಿದು ಓಡುವವರ ಸ್ಥಿತಿಯೂ ಬದಲಾಯಿತು. ಆಫ್‌ಸೈಡನ್ನು ಕಂಡರೂ, ಗೋಲಿನ ಅವಕಾಶ ಸ್ಪಷ್ಟವಾಗಿದ್ದಲ್ಲಿ, ಆಕ್ರಮಣವು ಮುಗಿಯುವವರೆಗೆ ಧ್ವಜವನ್ನು ಎತ್ತದೆ ತಡೆಹಿಡಿಯಬೇಕೆಂದು ಅವರಿಗೆ ಸೂಚನೆಯಿದೆ. ಬೇಗ ಎತ್ತಿ ತಪ್ಪಿದರೆ ಯಂತ್ರವೂ ಹೋದ ಅವಕಾಶವನ್ನು ತಿರುಗಿ ತರಲಾರದಷ್ಟೆ. 2025ರ ಮೇ 11ರಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಇಂಥ ತಡೆಹಿಡಿದ ಧ್ವಜದ ಹೊತ್ತಿನಲ್ಲಿಯೇ ಆಟ ಮುಂದುವರಿದು, ತಾಯ್ವೊ ಅವೊನಿಯಿ ಎಂಬ ಆಟಗಾರರು ಗೋಲುಕಂಬಕ್ಕೆ ಅಪ್ಪಳಿಸಿ ಹೊಟ್ಟೆಗೆ ತೀವ್ರವಾದ ಪೆಟ್ಟಾಗಿ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಕಂಡವನು ಕಂಡುದನ್ನು ಕಂಡಾಗಲೇ ಹೇಳಬಾರದೆಂಬ ವಿಧಿಯು ಸಾಕ್ಷಿಧರ್ಮಕ್ಕೆ ವಿರುದ್ಧವಾದುದು; ಅದರಿಂದ ದೇಹಕ್ಕೂ ಅಪಾಯವೆಂಬುದನ್ನು ಆ ದಿನ ಲೋಕವೆಲ್ಲ ನೋಡಿತು.

ಹಾಗಾದರೆ ನಮ್ಮ ಲೀಗಿಗೆ ಏನು ಬೇಕು? ಗೋಲುಗೆರೆಗೆ ಕ್ಯಾಮೆರಾ ಬೇಕು. ದೋಹಾದಂಥ ಅನ್ಯಾಯವು ನಮ್ಮ ಮೈದಾನಗಳಲ್ಲಿ ಆಗಕೂಡದು. ಆಫ್‌ಸೈಡನ್ನು ಪರದೆಯಲ್ಲಿ ನೋಡುವುದಾದರೆ, ಬರಿಗಣ್ಣಿಗೆ ಒಂದೆರಡು ನೋಟಗಳಲ್ಲಿ ತಪ್ಪು ತಿಳಿಯದಿದ್ದಲ್ಲಿ ಮೈದಾನದ ತೀರ್ಪೇ ನಿಲ್ಲಲಿ. ಇವೆರಡಕ್ಕಿಂತಲೂ ಮೊದಲು, ಮತ್ತು ಇವೆರಡಕ್ಕಿಂತಲೂ ಬಹು ಕಡಮೆ ಹಣದಲ್ಲಿ, ರೆಫರಿಗೆ ಒಂದು ಮೈಕ್ ಬೇಕು. 2023ರಲ್ಲಿ ಆಸ್ಟ್ರೇಲಿಯಾ ನ್ಯೂಜಿಲೆಂಡುಗಳಲ್ಲಿ ನಡೆದ ಮಹಿಳೆಯರ ವಿಶ್ವಕಪ್ಪಿನಲ್ಲಿ, ವಿಡಿಯೋ ಪರಿಶೀಲನೆಯ ಅನಂತರ ರೆಫರಿಯು ತನ್ನ ತೀರ್ಪನ್ನೂ ಅದರ ಕಾರಣವನ್ನೂ ಇಡೀ ಕ್ರೀಡಾಂಗಣಕ್ಕೆ ಕೇಳುವಂತೆ ತನ್ನ ಬಾಯಿಂದಲೇ ಹೇಳುವ ಪದ್ಧತಿಯನ್ನು ತಂದರು. ಅದಕ್ಕೆ ಹನ್ನೆರಡು ಕ್ಯಾಮೆರಾಗಳ ಅವಶ್ಯಕತೆಯಿಲ್ಲ. ಅಶೋಕನಗರದ ಸಣ್ಣ ಮೈದಾನದಲ್ಲಿ ನಡೆಯುವ ಜಿಲ್ಲಾ ಪಂದ್ಯಗಳಲ್ಲಿಯೂ ಅದು ಸಾಧ್ಯ. ಎರಡೂ ಪಕ್ಷಗಳ ಮಾತನ್ನು ತೂಗಿನೋಡಿದಮೇಲೆ ಹುಟ್ಟುವ ನಿಶ್ಚಯವೇ ನಿರ್ಣಯವೆಂದು ನೈಯಾಯಿಕರು ಹೇಳುವರು. ತೂಗಿದ್ದು ಕೇಳಿಸದಿದ್ದರೆ ನಿಶ್ಚಯವು ಸೋತವರ ಕಿವಿಗೆ ಬರಿಯ ಆಜ್ಞೆಯಾಗಿ ಬಡಿಯುತ್ತದೆ.

ಮಾರ್ಚ್ 3ರ ರಾತ್ರಿ ಕೇರಳದಿಂದ ಬಂದ ಹಳದಿ ಅಂಗಿಯವರೂ, ಕೆಂಗೇರಿಯಿಂದ ಹೋದ ನೀಲಿ ಅಂಗಿಯವರೂ, ಬೇಗ ಒದೆಯಲು ರೆಫರಿ ಒಪ್ಪಿದ್ದರೇ ಇಲ್ಲವೇ ಎಂಬುದನ್ನು ಅವರ ಬಾಯಿಂದ ಕೇಳದೆಯೇ ಮನೆಗೆ ಮರಳಿದರು. “ಕಾಯಲು ನಾನು ಹೇಳಿರಲಿಲ್ಲ, ಆದುದರಿಂದ ಇದು ಗೋಲು” ಎಂಬಷ್ಟು ಮಾತು ಧ್ವನಿವರ್ಧಕದಲ್ಲಿ ಬಂದಿದ್ದರೆ ಕೇರಳದವರು ಒಪ್ಪುತ್ತಿದ್ದರೆಂದು ನಾನು ಹೇಳಲಾರೆ. ವುಕೊಮಾನೊವಿಚ್ ಆಗಲೂ ತಮ್ಮ ಹುಡುಗರನ್ನು ಕರೆದುಕೊಂಡು ನಡೆದುಬಿಡುತ್ತಿದ್ದರೋ ಏನೋ. ಆದರೆ ಆಗ ಅವರು ಬಿಟ್ಟುನಡೆಯುತ್ತಿದ್ದುದು ಒಬ್ಬ ಮನುಷ್ಯನು ತನ್ನ ಹೆಸರಿನಲ್ಲಿ ಕಾರಣಕೊಟ್ಟು ಆಡಿದ ಮಾತನ್ನು. ಅದಕ್ಕೆ ಉತ್ತರವನ್ನಾದರೂ ಕೊಡಬಹುದಾಗಿತ್ತು.